ಹದಿನಾರು ಅರ್ಜಿಗಳಿಗೆ ಒಂದೇ ನಂಬರ್

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಮೂರು ವಾರ ಆಗುತ್ತಾ ಬಂದಿತ್ತು. ನಾನಾಗ ದಕ್ಷಿಣ ಗೋವಾದಲ್ಲಿ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆ ನೋಡಿಕೊಳ್ಳುವ ಸರ್ಕಾರಿ ಕಚೇರಿಯೊಂದರಲ್ಲಿ ಪರಿಶೀಲನಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಡಗಾಂವಿನ ನಮ್ಮ ಕೌಂಟರುಗಳಿಗೆ ಬೀಗ ಬಿದ್ದಿದ್ದರಿಂದ ನಾವು ಕೆಲವರು ಮನೆಯಿಂದಲೇ ಫೋನಿನಲ್ಲಿ ಜನರಿಗೆ ಉತ್ತರ ಕೊಡಬೇಕೆಂದು ಆದೇಶವಾಗಿತ್ತು. ಕೆಪೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಚೇರಿಯ ಲ್ಯಾಪ್‌ಟಾಪು, ಎರಡು ಫೋನು, ಒಂದು ದಪ್ಪ ನೋಟ್‌ಬುಕ್ಕು ಇಟ್ಟುಕೊಂಡು ನಾನು ದಿನಕ್ಕೆ ಅರವತ್ತು ಎಪ್ಪತ್ತು ಕರೆಗಳನ್ನು ತೆಗೆದುಕೊಳ್ಳುತ್ತಿದ್ದೆ.

ಕನ್ನಡದ ಕರೆಗಳೆಲ್ಲ ನನಗೇ ಬರುತ್ತಿದ್ದವು. ನಮ್ಮಪ್ಪ ಬಾಗಲಕೋಟೆ ಕಡೆಯಿಂದ ವಾಸ್ಕೋ ಬಂದರಿಗೆ ಹಮಾಲಿ ಮಾಡಲು ಬಂದವರು. ಮನೆಯಲ್ಲಿ ಕಲಿತ ಆ ಮಾತು ಮೂವತ್ತೈದು ವರ್ಷದ ನೌಕರಿಯಲ್ಲಿ ನನಗೆ ಒದಗಿದ್ದು ಆ ದಿನಗಳಲ್ಲೇ ಹೆಚ್ಚು.

ಅದೊಂದು ಸೋಮವಾರ. ಬೆಳಗಿನ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸಿನ ಕರೆ ಬಂತು. ಹೆಸರು ರೇಣವ್ವ. ವೆರ್ಣಾದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಪ್ಯಾಕಿಂಗ್ ಕೆಲಸ ಮಾಡುವವಳು. ಕಾರ್ಖಾನೆ ಮುಚ್ಚಿತ್ತು, ಕಂಪನಿ ಬಸ್ಸೂ ನಿಂತಿತ್ತು. ಅಲ್ಲೇ ಹತ್ತಿರದ ಬಾಡಿಗೆಯ ಖೋಲಿಯಲ್ಲಿ ಗಂಡ ಯಲ್ಲಪ್ಪನೊಂದಿಗೆ ಇದ್ದಳು. ಯಲ್ಲಪ್ಪನ ಎರಡೂ ಮೂತ್ರಪಿಂಡ ಕೆಟ್ಟು ಒಂದು ವರ್ಷವಾಗಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ನಮ್ಮ ವಿಮೆಯ ಮೇಲೆ ಮಡಗಾಂವಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಆಗುತ್ತಿತ್ತು.

“ಅಕ್ಕಾರ, ಶುಕ್ರವಾರ ಮಾಡ್ಲಿಲ್ರಿ. ಪತ್ರ ಮುಗದೈತಿ, ಹೊಸಾದು ತರ್ರಿ ಅಂದ್ರು. ಕಾಲು, ಮುಖ ಎಲ್ಲಾ ಬಾತಾವ್ರಿ. ಮಲಗಿದ್ರ ದಮ್ಮ ಹತ್ತತೈತ್ರಿ. ರಾತ್ರೆಲ್ಲಾ ಗ್ವಾಡಿಗೆ ಒರಗಿ ಕುಂತಾರ.”

ಕಳೆದ ಮಂಗಳವಾರದ ನಂತರ ಆರು ದಿನ. ಡಯಾಲಿಸಿಸ್ ರೋಗಿಯ ಮೈಯಲ್ಲಿ ನೀರು ಹೊರಹೋಗಲು ದಾರಿ ಇರುವುದಿಲ್ಲ. ಅದು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಏರುತ್ತದೆ. ಇಷ್ಟು ವರ್ಷ ಕಡತ ನೋಡಿದವಳಿಗೆ ಅಷ್ಟು ಗೊತ್ತಿತ್ತು. ಉಸಿರು ಇನ್ನೂ ಬಿಗಿಯಾದರೆ ನನ್ನ ಕರೆಗೆ ಕಾಯದೆ 108ಕ್ಕೆ ಫೋನ್ ಮಾಡು ಎಂದು ಮೊದಲು ಹೇಳಿದೆ. ನಂತರ ಆಸ್ಪತ್ರೆಗೆ ಕರೆ ಮಾಡಿದೆ. ಅಲ್ಲಿನ ಸಿಸ್ಟರ್ ಒಳ್ಳೆಯವರು. ಸಂಜೆ ಆರು ಗಂಟೆಯ ಕೊನೆಯ ಪಾಳಿಯಲ್ಲಿ ಒಂದು ಯಂತ್ರ ಖಾಲಿಯಿದೆ, ಐದೂವರೆಯವರೆಗೆ ಯಾರಿಗೂ ಕೊಡದೆ ಇಟ್ಟುಕೊಳ್ಳುತ್ತೇನೆ, ಅಷ್ಟರೊಳಗೆ ಒಪ್ಪಿಗೆ ಪತ್ರ ನಮ್ಮ ಕಂಪ್ಯೂಟರಿಗೆ ಬರಬೇಕು ಎಂದರು. ಬೇರೆ ಕಡೆಯ ಯಂತ್ರಗಳೆಲ್ಲ ಆಗ ಸೋಂಕಿತರಿಗೆ ಮೀಸಲಾಗಿದ್ದವು.

ಈ ಒಪ್ಪಿಗೆ ಪತ್ರವನ್ನು ಪ್ರತಿ ತಿಂಗಳು ಹೊಸದು ಮಾಡಿಸಬೇಕು. ಮೊದಲಾದರೆ ವಿಮೆ ಮಾಡಿಸಿದವರು ಕೌಂಟರಿಗೆ ಬಂದು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಐದು ನಿಮಿಷದ ಕೆಲಸ. ಸೋಂಕು ಹರಡುತ್ತದೆಂದು ಹೆಬ್ಬೆರಳಿನ ಯಂತ್ರ ಬಂದ್ ಆಗಿತ್ತು. ಅದರ ಬದಲು ಒಟಿಪಿ, ಅಂದರೆ ಒಂದೇ ಸಲ ನಡೆಯುವ ಆರು ಅಂಕಿಯ ಗುಟ್ಟಿನ ಸಂಖ್ಯೆ, ನೋಂದಾಯಿಸಿದ ಮೊಬೈಲಿಗೆ ಹೋಗುತ್ತಿತ್ತು. ನಾನು ಕಳಿಸಿದ ಲಿಂಕ್ ತೆರೆದು ವಿಮೆ ಮಾಡಿಸಿದವರೇ ಅದನ್ನು ತಮ್ಮ ಫೋನಿನಲ್ಲಿ ಹಾಕಬೇಕು. ಹತ್ತು ನಿಮಿಷ ಮೀರಿದರೆ ಆ ಸಂಖ್ಯೆ ಸತ್ತಂತೆ. ದಿನಕ್ಕೆ ಮೂರು ಸಲ ಮಾತ್ರ ಅವಕಾಶ. ಮೂರೂ ತಪ್ಪಿದರೆ ಇಪ್ಪತ್ನಾಲ್ಕು ಗಂಟೆ ಆ ಖಾತೆಗೆ ಬೀಗ.

ರೇಣವ್ವನ ಹತ್ತಿರ ಒಂದು ಸಣ್ಣ ಟಚ್ ಫೋನ್ ಇತ್ತು. ನಾಲ್ಕನೇ ಇಯತ್ತೆವರೆಗೆ ಓದಿದ್ದಳು, ಅಂಕಿ ಚೆನ್ನಾಗಿ ಬರುತ್ತಿದ್ದವು. ಲಿಂಕ್ ಕಳಿಸಿ, ನಾನು ಬಟನ್ ಒತ್ತಿದೆ.

“ಬಂತೇನವಾ?”

“ಇಲ್ರಿ.”

ನಾಲ್ಕು ನಿಮಿಷ. ಐದು. ಆಗ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ: ನೋಂದಣಿಯ ಪುಟ ತೆರೆದು ನೋಡಿದೆ. ಅಲ್ಲಿದ್ದ ನಂಬರ್ ಅವಳು ಮಾತಾಡುತ್ತಿದ್ದ ನಂಬರ್ ಆಗಿರಲಿಲ್ಲ. ಮೊದಲ ಅವಕಾಶ ಹೀಗೆ ನನ್ನ ಅವಸರಕ್ಕೆ ಹೋಯಿತು.

ನಂಬರನ್ನು ಓದಿ ಹೇಳಿದಾಗ ರೇಣವ್ವ ಎಂದಳು: “ಅದು ಮುಕಾದಮ ಹನಮಂತಣ್ಣಂದ್ರಿ.”

ಮುಕಾದಮ ಎಂದರೆ ಗುತ್ತಿಗೆದಾರನ ಪರವಾಗಿ ಕೂಲಿಯವರನ್ನು ತರುವವನು, ಕೆಲಸ ಹಚ್ಚುವವನು. ಅದೇ ನಂಬರನ್ನು ಹುಡುಕು ಕಿಂಡಿಯಲ್ಲಿ ಹಾಕಿದೆ. ಹದಿನಾರು ಹೆಸರು ಬಂದವು. ಹದಿನಾರು ಜನ ಕಾರ್ಮಿಕರು, ಎಲ್ಲರಿಗೂ ಹನಮಂತನ ನಂಬರ್. ಮೂರು ವರ್ಷದ ಹಿಂದೆ ವೆರ್ಣಾದ ಒಂದು ಕಾರ್ಖಾನೆಯ ಗೇಟಿನ ಮುಂದೆ ಶಾಮಿಯಾನ ಹಾಕಿ ನೋಂದಣಿ ಶಿಬಿರ ಮಾಡಿದ್ದೆವು. ಅಂದಿನ ಅರ್ಜಿಗಳು ಅವು. ಕೊನೆಯಲ್ಲಿ ‘ಪರಿಶೀಲಿಸಿದೆ’ ಎಂಬ ಪದದ ಕೆಳಗೆ ನನ್ನ ಸಹಿ ಇತ್ತು. ಹದಿನಾರಕ್ಕೂ.

ಆ ಸಹಿಯನ್ನು ನಾನು ಎಷ್ಟು ಹೊತ್ತು ನೋಡುತ್ತಾ ಕುಳಿತೆನೋ ತಿಳಿಯದು. ಆ ದಿನ ಸೆಕೆ ಬಹಳ ಇತ್ತು, ಸಾಲು ಉದ್ದವಿತ್ತು, ಮುಕಾದಮ ಪಕ್ಕದಲ್ಲಿ ನಿಂತು ಬೇಗ ಬೇಗ ಹೇಳಿ ಬರೆಸುತ್ತಿದ್ದ. ಒಂದೇ ನಂಬರ್ ಮತ್ತೆ ಮತ್ತೆ ಬಂದದ್ದು ಕಣ್ಣಿಗೆ ಬಿದ್ದಿತ್ತು. ಇರಲಿ ಬಿಡು, ಖಾಲಿ ಬಿಡುವುದಕ್ಕಿಂತ ವಾಸಿ ಎಂದುಕೊಂಡಿದ್ದೆ. ಅದೂ ನೆನಪಾಯಿತು.

“ಅಕ್ಕಾರ, ಅದೀರೇನ್ರಿ?” ರೇಣವ್ವ ಕೇಳುತ್ತಿದ್ದಳು.

ನಂಬರ್ ಬದಲಾಯಿಸಬೇಕೆಂದರೂ ಒಟಿಪಿ ಮೊದಲು ಹಳೆಯ ನಂಬರಿಗೇ ಹೋಗುತ್ತಿತ್ತು. ಹನಮಂತ ಎಲ್ಲಿದ್ದಾನೆಂದು ವಿಚಾರಿಸಿದೆ. ಕೆಲಸ ನಿಂತ ಮೇಲೆ ಆರೇಳು ಜನರ ಜೊತೆ ಊರಿಗೆಂದು ನಡೆದುಕೊಂಡೇ ಹೋದನಂತೆ. ಅವನ ಫೋನ್ ಸ್ವಿಚ್ ಆಫ್. ನಮ್ಮ ಮೇಲಧಿಕಾರಿಗೆ ಕರೆ ಮಾಡಿ, ಒಟಿಪಿ ಇಲ್ಲದೆ ಕೈಯಿಂದ ಪತ್ರ ಕೊಡಬಹುದೇ ಎಂದು ಕೇಳಿದೆ. ಅವರು ನಿಜವಾಗಿಯೂ ನಾಲ್ಕು ಕಡೆ ಕೇಳಿ ನೋಡಿದರು. ಸರ್ವರ್ ನಮ್ಮ ಕೈಯಲ್ಲಿಲ್ಲ, ಕಾಗದದ ಪತ್ರವನ್ನು ಆಸ್ಪತ್ರೆಯ ವ್ಯವಸ್ಥೆ ತೆಗೆದುಕೊಳ್ಳುವುದಿಲ್ಲ ಎಂದು ಹತ್ತು ನಿಮಿಷಕ್ಕೆ ತಿರುಗಿ ಹೇಳಿದರು. ಆಗ ಹನ್ನೆರಡೂ ಮುಕ್ಕಾಲು.

ಉತ್ತರ ಕರ್ನಾಟಕಕ್ಕೆ ನಡೆದು ಹೋಗುವವರು ಹೆದ್ದಾರಿ ಹಿಡಿದರೆ ಗಡಿಯ ಹತ್ತಿರದ ಮೊಲೆಂ ದಾಟಲೇಬೇಕು, ಗಡಿ ಮುಚ್ಚಿದ್ದರಿಂದ ಬಂದವರನ್ನೆಲ್ಲ ಅಲ್ಲೇ ತಡೆದು ಇರಿಸಿಕೊಂಡಿದ್ದರು. ನಮ್ಮ ಕಚೇರಿಯ ನಾಯ್ಕ್ ಎಂಬ ಗುಮಾಸ್ತರನ್ನು ಆ ಚೆಕ್‌ಪೋಸ್ಟಿನ ಕೆಲಸಕ್ಕೆ ಹಾಕಿದ್ದು ನನಗೆ ಗೊತ್ತಿತ್ತು. ಅವರಿಗೆ ಫೋನ್ ಮಾಡಿ ಹೆಸರು, ಎತ್ತರ, ಎಡಗಣ್ಣಿನ ಮೇಲಿನ ಗಾಯದ ಗುರುತು, ರೇಣವ್ವ ಹೇಳಿದ್ದನ್ನೆಲ್ಲ ಹೇಳಿದೆ. ನೂರಾರು ಜನ ಇದ್ದಾರೆ, ನೋಡುತ್ತೇನೆ ಎಂದರು.

ಆ ಎರಡು ಗಂಟೆ ನಾನು ಬೇರೆಯವರ ಕರೆಗಳನ್ನೂ ತೆಗೆದುಕೊಳ್ಳಲೇಬೇಕಿತ್ತು. ಔಷಧಿ ಎಲ್ಲಿ ಸಿಗುತ್ತದೆ, ಹೆರಿಗೆ ರಜೆಯ ಅರ್ಜಿ ಏನಾಯಿತು ಎಂದು ಜನ ಕೇಳುತ್ತಿದ್ದರು. ಉತ್ತರ ಕೊಡುತ್ತಾ ಎರಡನೇ ಫೋನನ್ನೇ ನೋಡುತ್ತಿದ್ದೆ. ಅನ್ನ ಬಡಿಸಿಟ್ಟುಕೊಂಡವಳು ಮುಟ್ಟಲಿಲ್ಲ. ಎರಡು ಸಲ ರೇಣವ್ವನಿಗೆ ನಾನೇ ಕರೆ ಮಾಡಿದೆ. ಎರಡನೇ ಸಲ ಅವಳು ಮೆಲ್ಲಗೆ ಮಾತಾಡಿದಳು, ಗಂಡನಿಗೆ ಕೇಳಿಸಬಾರದೆಂದು: “ತುಟಿ ಕಪ್ಪಾಗಾಕತ್ತಾವ್ರಿ, ಅಕ್ಕಾರ.” ತಕ್ಷಣ 108ಕ್ಕೆ ಕರೆ ಮಾಡಿ, ಬಂದರೆ ಅದೇ ಆಸ್ಪತ್ರೆಗೆ ಒಯ್ಯಲು ಹೇಳು ಎಂದೆ. ತುರ್ತು ವಿಭಾಗದಲ್ಲಿ ಆಮ್ಲಜನಕ ಸಿಗುತ್ತಿತ್ತು. ಆದರೆ ರಕ್ತ ಶುದ್ಧಿಯಾಗಲು ಯಂತ್ರ ಬೇಕು, ಯಂತ್ರಕ್ಕೆ ಪತ್ರ ಬೇಕು.

ಮೂರು ಗಂಟೆ ದಾಟಿದ ಮೇಲೆ ನಾಯ್ಕರ ಕರೆ. “ಮೇಳ್ಳೊ, ಬಾಯ್, ಮೇಳ್ಳೊ!” ಸಿಕ್ಕಿದ್ದ. ಶಾಲೆಯ ಕೊಠಡಿಯೊಂದರಲ್ಲಿ ಮಲಗಿದ್ದನಂತೆ. ಫೋನಿನ ಬ್ಯಾಟರಿ ಎರಡು ದಿನದ ಹಿಂದೆಯೇ ಸತ್ತಿತ್ತು. ನಾಯ್ಕರು ಅದನ್ನು ತಮ್ಮ ಚಾರ್ಜರಿಗೆ ಸಿಕ್ಕಿಸಿ, ನೆಟ್‌ವರ್ಕ್ ಸಿಗುವ ಗೇಟಿನ ಹತ್ತಿರ ಅವನನ್ನು ಕೂರಿಸಿದರು.

ನಾನು ಹನಮಂತನಿಗೆ ಎಲ್ಲ ವಿವರಿಸಿದೆ. ಅವನು ಹೇಳಿದ:

“ಯಾರಿಗೂ ಒಟಿಪಿ ಹೇಳಬ್ಯಾಡ್ರಿ, ಆಫೀಸಿನವ್ರು ಕೇಳಿದ್ರೂ ಹೇಳಬ್ಯಾಡ್ರಿ ಅಂತ ನೀವ ಮೆಸೇಜ್ ಹಾಕ್ತೀರಿ. ಈಗ ನೀವ ಕೇಳಾಕತ್ತೀರಿ. ನಾ ಹ್ಯಾಂಗ ನಂಬ್ಲಿ?”

ಅವನು ಹೇಳಿದ್ದು ಸರಿಯಾಗಿತ್ತು. ಆ ಎಚ್ಚರಿಕೆಯ ಸಂದೇಶದ ಕನ್ನಡ ಪಾಠವನ್ನು ಬರೆದವಳೂ ನಾನೇ. ಅಷ್ಟೇ ಅಲ್ಲ, ಅವನಿಗೆ ಇನ್ನೊಂದು ಭಯವೂ ಇದ್ದಿರಬೇಕು: ಎಲ್ಲರ ಅರ್ಜಿಯಲ್ಲಿ ತನ್ನ ನಂಬರ್ ಹಾಕಿದ್ದಕ್ಕೆ ಪೊಲೀಸರ ಮುಂದೆಯೇ ಸಿಕ್ಕಿಬೀಳುತ್ತೇನೆಂಬ ಭಯ.

“ನನಗ ಹೇಳಬ್ಯಾಡಪಾ,” ಎಂದೆ. “ರೇಣವ್ವಗ ಹೇಳು. ಆಕಿನ್ನ ಲೈನಿಗೆ ತಗೋತೇನಿ.”

ಇಬ್ಬರನ್ನೂ ಒಂದೇ ಕರೆಗೆ ಸೇರಿಸಿದೆ. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ.

“ಹನಮಂತಣ್ಣ, ನಾ ರೇಣವ್ವ.”

“ಖರೇ ನೀನ ಏನವಾ? ಇವ್ರ್ಯಾರೋ ಏನೇನೋ ಕೇಳಾಕತ್ತಾರ.”

ರೇಣವ್ವ ವಾದ ಮಾಡಲಿಲ್ಲ. “ಕೇಳು,” ಎಂದು ಫೋನನ್ನು ಗಂಡನ ಹತ್ತಿರ ಹಿಡಿದಳು. ಎಳೆದು ಎಳೆದು ತೆಗೆದುಕೊಳ್ಳುವ ಉಸಿರು. ಗುಳುಗುಳು ಸದ್ದು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಅಂತರ. ಮೂರು ಊರಿನಲ್ಲಿ ಮೂವರು ಅದನ್ನೇ ಕೇಳುತ್ತಿದ್ದೆವು.

“ಕಳಸ್ರಿ ಮೇಡಂ,” ಎಂದ ಹನಮಂತ. ದನಿ ಬದಲಾಗಿತ್ತು.

ಎರಡನೇ ಸಲ ಬಟನ್ ಒತ್ತಿದೆ. ಈ ಬಾರಿ ಸಂಖ್ಯೆ ಕೂಡಲೇ ಬಂತು. ಅವನು ಓದಿದ, ಅವಳು ಹಾಕಲು ನೋಡಿದಳು. ಲಿಂಕ್ ತೆರೆಯಲೇ ಇಲ್ಲ. “ಒಂದು ಚಕ್ರ ತಿರಗಾಕತ್ತೈತ್ರಿ, ಅಷ್ಟ,” ಎಂದಳು. ಮತ್ತೆ ಪ್ರಯತ್ನಿಸು ಎಂದೆ, ಮತ್ತೊಮ್ಮೆ ಎಂದೆ, ಹತ್ತು ನಿಮಿಷ ಕಳೆದೇಹೋಯಿತು. ಆಮೇಲೆ ಹೊಳೆಯಿತು: ಅಂಥ ಸಣ್ಣ ಫೋನುಗಳಲ್ಲಿ ಮಾತಾಡುತ್ತಿರುವಾಗ ಇಂಟರ್‌ನೆಟ್ ನಿಂತುಬಿಡುತ್ತದೆ. ಈ ತಪ್ಪೂ ನನ್ನದೇ.

ಉಳಿದದ್ದು ಒಂದು ಅವಕಾಶ. ನಾಲ್ಕು ಗಂಟೆ ಐದು ನಿಮಿಷ. ಇಬ್ಬರಿಗೂ ನಿಧಾನವಾಗಿ, ಒಂದೊಂದೇ ಹೆಜ್ಜೆ ಹೇಳಿದೆ. ಈಗ ಕರೆ ಇಟ್ಟು ಲಿಂಕ್ ಮೊದಲೇ ತೆರೆದಿಟ್ಟುಕೋ, ಆಮೇಲೆ ಮತ್ತೆ ಇಬ್ಬರನ್ನೂ ಸೇರಿಸುತ್ತೇನೆ. ಹನಮಂತ ಅಂಕಿ ಹೇಳುತ್ತಾನೆ, ಬರೆದುಕೋ. ತಿರುಗಿ ಓದಿ ಹೇಳು. ಆಮೇಲೆ ಕರೆ ಕತ್ತರಿಸಿ, ಆ ಅಂಕಿಗಳನ್ನು ಲಿಂಕಿನಲ್ಲಿ ಹಾಕು. ಬರೆಯಲು ಪೆನ್ನು ಇರಲಿಲ್ಲ. ಇದ್ದಿಲಿನಿಂದ ಗೋಡೆಯ ಮೇಲೆ ಬರೆಯುತ್ತೇನೆ ಎಂದಳು.

ಒತ್ತಿದೆ. ಬರಲಿಲ್ಲ. ಕಾಡಿನ ನಡುವಿನ ಊರು, ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಹನಮಂತ ಫೋನ್ ಎತ್ತಿಕೊಂಡು ಆ ಕಡೆ ಈ ಕಡೆ ಓಡಾಡುವ ಸದ್ದು, ನಾಯ್ಕರು ಹಿಂದಿನಿಂದ ಹೀಗೆ ಬಾ ಹಾಗೆ ಬಾ ಎನ್ನುವುದು ಕೇಳುತ್ತಿತ್ತು. ಎರಡು ನಿಮಿಷ. ನಾಲ್ಕು. ಆರನೇ ನಿಮಿಷಕ್ಕೆ ಅವನು ಕೂಗಿದ: “ಬಂತ ಬಂತ! ಬರಕೋ ಯವ್ವಾ!”

ಅವನು ಓದುವಾಗ ನಾನು ಫೋನನ್ನು ಕಿವಿಯಿಂದ ದೂರ ಇಟ್ಟೆ. ಆ ಸಂಖ್ಯೆ ನನಗೆ ಗೊತ್ತಾಗಬಾರದು ಎಂಬುದು ನಿಯಮ. ಆ ಹೊತ್ತಿನಲ್ಲೂ ಅದನ್ನು ಪಾಲಿಸಬೇಕೆನಿಸಿತು, ಏಕೆಂದು ಕೇಳಿದರೆ ಇಂದಿಗೂ ಸರಿಯಾಗಿ ಹೇಳಲಾರೆ. ಕರೆ ಕಡಿಯಿತು. ಆಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಪರದೆಯ ಮೇಲೆ ಅವಳ ಹೆಸರಿನ ಮುಂದೆ ‘ಬಾಕಿ’ ಎಂದಿತ್ತು. ಪುಟವನ್ನು ಹೊಸದು ಮಾಡಿದೆ. ಬಾಕಿ. ಮತ್ತೆ ಮಾಡಿದೆ. ಬಾಕಿ. ಒಂಬತ್ತನೇ ನಿಮಿಷದಲ್ಲಿ ಆ ಪದ ಹೋಗಿ ‘ಒಪ್ಪಿಗೆಗೆ ಸಿದ್ಧ’ ಎಂದು ಬಂತು. ಒತ್ತಿದೆ. ಆಸ್ಪತ್ರೆಗೆ ಫೋನ್ ಮಾಡಿದಾಗ ಸಿಸ್ಟರ್, “ಪತ್ರ ಬಂದಿದೆ, ಯಂತ್ರ ಅವರಿಗೇ,” ಎಂದರು. ಊಟದ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಆಂಬುಲೆನ್ಸ್ ಐದಕ್ಕೆ ಮೊದಲೇ ಅವರನ್ನು ಮುಟ್ಟಿಸಿತು. ಮರುದಿನ ಬೆಳಿಗ್ಗೆ ರೇಣವ್ವ ಕರೆ ಮಾಡಿದಳು: “ಬಾವು ಇಳದೈತ್ರಿ. ಮಲಗಿ, ಮಲಗಿ ನಿದ್ದಿ ಮಾಡಾಕತ್ತಾರ.” ಮಲಗಿ ಎಂಬ ಪದವನ್ನು ಎರಡು ಸಲ ಹೇಳಿದಳು.

ಮುಂದಿನ ಹತ್ತು ದಿನ ಉಳಿದ ಹದಿನೈದು ಜನರನ್ನು ಹುಡುಕುವುದೇ ನನ್ನ ಕೆಲಸವಾಯಿತು. ಹನಮಂತ ಮೊಲೆಂನಲ್ಲೇ ಕುಳಿತು, ಗಡಿ ತೆರೆಯುವವರೆಗೂ ಪ್ರತಿದಿನ ಮಧ್ಯಾಹ್ನ ಆ ಗೇಟಿನ ಹತ್ತಿರ ಬಂದು ಒಬ್ಬೊಬ್ಬರದೇ ಒಟಿಪಿ ಅವರವರಿಗೆ ಓದಿ ಹೇಳಿದ. ಹದಿಮೂರು ಜನರ ನಂಬರ್ ಬದಲಾಯಿತು. ಇಬ್ಬರು ಸಿಗಲೇ ಇಲ್ಲ. ಅವರಿಗೆ ಆ ಬೇಸಿಗೆಯಲ್ಲಿ ನಮ್ಮಿಂದ ಏನಾದರೂ ಬೇಕಾಗಿತ್ತೋ, ಕೇಳಲು ದಾರಿ ಕಾಣದೆ ಸುಮ್ಮನಾದರೋ ತಿಳಿಯದು. ನಡೆದದ್ದನ್ನೆಲ್ಲ, ನನ್ನ ಸಹಿಯ ವಿಷಯವನ್ನೂ ಸೇರಿಸಿ, ಮೇಲಧಿಕಾರಿಗೆ ಬರೆದುಕೊಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕೌಂಟರ್ ತೆರೆಯಿತು. ಒಂದು ದಿನ ಗಾಜಿನ ಆಚೆ ಮುಖಗವಸು ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. “ಅಕ್ಕಾರ” ಎಂದಾಗ ದನಿಯಿಂದ ಗುರುತು ಹಿಡಿದೆ. ಹಿಂದೆ ಬೆಂಚಿನ ಮೇಲೆ ತೆಳ್ಳಗಿನ ಮನುಷ್ಯನೊಬ್ಬ ಕುಳಿತು ಕೈಮುಗಿದ. ಅವಳಿಗೆ ನಿಜ ಹೇಳಲೇಬೇಕಿತ್ತು. ಅಂದು ಶಿಬಿರದಲ್ಲಿ ನಿನ್ನ ಅರ್ಜಿ ನೋಡಿ ಸಹಿ ಮಾಡಿದವಳು ನಾನೇ, ಆ ನಂಬರ್ ನಿನ್ನದಲ್ಲ ಎಂದು ಆಗಲೇ ಅನುಮಾನ ಬಂದಿತ್ತು, ಕೇಳಲಿಲ್ಲ ಎಂದೆ.

“ಆವಾಗ ನಮ್ಮ ಕಡೆ ಫೋನ ಇದ್ದಿಲ್ರಿ, ಅಕ್ಕಾರ. ನೀವು ಕೇಳಿದ್ರೂ ಅದ ನಂಬರ ಕೊಡ್ತಿದ್ದೆ,” ಎಂದಳು. ಆಮೇಲೆ, “ಆದ್ರ ಕೇಳಿದ್ರ ಚಲೋ ಆಕ್ಕಿತ್ತು. ಫೋನ ತಗೊಂಡ ಮ್ಯಾಲೆ ಬಂದು ಬರಸ್ಬೇಕು ಅಂತ ಗೊತ್ತರ ಆಕ್ಕಿತ್ತು,” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ನಿವೃತ್ತಿಯವರೆಗಿನ ಆ ಎರಡು ವರ್ಷ ನಾನು ನೋಂದಣಿ ಮಾಡಿದ್ದು ಒಂದೇ ರೀತಿ. ಹೊಸಬರಿಗೆ ಕಲಿಸಿದ್ದೂ ಅಷ್ಟೇ. ಅರ್ಜಿಯಲ್ಲಿ ನಂಬರ್ ಬರೆದಾದ ಮೇಲೆ, ಸಾಲು ಎಷ್ಟೇ ಉದ್ದವಿರಲಿ, ಅಲ್ಲೇ ಕುಳಿತು ಆ ನಂಬರಿಗೆ ಒಂದು ಕರೆ ಮಾಡುವುದು. ಎದುರಿಗೆ ನಿಂತವರ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಫೋನ್ ಹೊಡೆದುಕೊಂಡರೆ ಸಹಿ. ಹೊಡೆದುಕೊಳ್ಳದಿದ್ದರೆ ಪೆನ್ನು ಕೆಳಗಿಟ್ಟು, ಆ ಫೋನ್ ಯಾರ ಹತ್ತಿರ ಇದೆ ಎಂದು ಕೇಳುವುದು.