ಆರನೇ ಕೋಣೆಯ ಸಿಳ್ಳೆ

ಬೆಳಗಿನ ಐದು ಗಂಟೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲಿನ ಮೂರು ಮಹಡಿಗಳೂ ಇನ್ನೂ ಕತ್ತಲಲ್ಲಿವೆ. ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ ಮಾತ್ರ ಒಂದು ದೀಪ. ಅದರಡಿ ನಿಂತ ಐವತ್ತೆರಡರ ಹೆಂಗಸು ಉಸಿರಿನ ಬಲ ಅಳೆಯುವ ಪ್ಲಾಸ್ಟಿಕ್ ಕೊಳವೆಯೊಂದನ್ನು ಬಾಯಿಗಿಟ್ಟು, ಎದೆಯಲ್ಲಿರುವ ಗಾಳಿಯನ್ನೆಲ್ಲ ಒಂದೇ ಏಟಿಗೆ ಊದುತ್ತಾರೆ. ಕೊಳವೆಯ ಮುಳ್ಳು ಮುನ್ನೂರ ಹತ್ತಕ್ಕೆ ಹೋಗಿ ನಿಲ್ಲುತ್ತದೆ. ಇನ್ನೆರಡು ಸಲ ಊದಿ, ಮೂರರಲ್ಲಿ ದೊಡ್ಡ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ.

"ಮುನ್ನೂರು ದಾಟಿದ್ರೆ ಮೂರೂ ಮಹಡಿ ಒರೆಸ್ತೀನಿ. ಇನ್ನೂರೈವತ್ತಕ್ಕೆ ಇಳಿದ್ರೆ ಕೆಳಗಿನದು ಮಾತ್ರ. ಇನ್ನೂರರ ಕೆಳಗೆ ಹೋದ್ರೆ ಬಕೆಟ್ ಮುಟ್ಟಲ್ಲ, ಸೀದಾ ಡಾಕ್ಟರ ಹತ್ರ," ಎನ್ನುತ್ತಾರೆ. "ನನ್ನ ಮೇಲಧಿಕಾರಿ ವಾರ್ಡನ್ ಅಲ್ಲ, ಈ ಕೊಳವೆ."

ಹಾಸ್ಟೆಲಿನ ಹುಡುಗಿಯರು ಇವರಿಗಿಟ್ಟ ಹೆಸರು 'ಒದ್ದೆಬಟ್ಟೆ ದೊಡ್ಡಮ್ಮ'. ಪೊರಕೆ ಹಿಡಿದದ್ದನ್ನು ಯಾರೂ ನೋಡಿಲ್ಲ. ಗುಡಿಸಿದರೆ ಧೂಳು ಏಳುತ್ತದೆ, ಎದ್ದ ಧೂಳು ನೇರ ಎದೆಗೇ ಬರುತ್ತದೆ. ಹಾಗಾಗಿ ಹತ್ತೊಂಬತ್ತು ಕೋಣೆ, ಮೂರು ಓಣಿ, ಅರವತ್ತೆರಡು ಮೆಟ್ಟಿಲು, ಎಲ್ಲವೂ ಒದ್ದೆಬಟ್ಟೆಯಲ್ಲೇ. ಹಾಸಿಗೆಯ ಹೊದಿಕೆಗಳು ವಾರಕ್ಕೊಮ್ಮೆ ಬಿಸಿನೀರಿಗೆ. ಘಾಟು ಹೊಡೆಯುವ ಫಿನಾಯಿಲ್ ಒಳಗೆ ಬರುವಂತಿಲ್ಲ. ಬೆಳಿಗ್ಗೆ ಸಂಜೆ ತಪ್ಪದೆ ಉಸಿರಿನ ಔಷಧಿಯ ಒಂದು ಪಂಪು ಸೇದಿ ಬಾಯಿ ಮುಕ್ಕಳಿಸುತ್ತಾರೆ. ಇನ್ನೊಂದು, ನೀಲಿಯದು, ಆಪತ್ತಿಗೆಂದು ಸದಾ ಸೊಂಟದ ಚೀಲದಲ್ಲಿ.

ಮೊದಲು ಇವರು ಹಾಸಿಗೆಗೆ ಹತ್ತಿ ತುಂಬುವ ಕಾರ್ಖಾನೆಯಲ್ಲಿದ್ದರು. ಹನ್ನೊಂದು ವರ್ಷ ಹತ್ತಿಯ ಧೂಳನ್ನೇ ಉಸಿರಾಡಿದರು. ಕೊನೆಗೊಂದು ದಿನ ಮಾಲೀಕ, "ನಿನ್ನ ಕೆಮ್ಮು ಕೇಳಿದ್ರೆ ಗಿರಾಕಿ ಹಾಸಿಗೆ ಕೊಳ್ತಾರೇನಮ್ಮಾ?" ಎಂದು ಮನೆಗೆ ಕಳಿಸಿದ. ದಮ್ಮು ಮಾತ್ರ ಅದಕ್ಕೂ ಹಳೆಯದು. ತಾಯಿಯಿಂದ ಬಂದದ್ದು.

ಆ ತಾಯಿಯ ವಿಷಯವನ್ನು ದೊಡ್ಡಮ್ಮ ಹೇಳಿದ್ದು ಪತ್ರಿಕೆಯ ಕೆಲಸಕ್ಕೆಂದು ನಾನು ಮೂರನೇ ಸಲ ಹೋದಾಗ. "ನಂಗೆ ಆಗ ಒಂಬತ್ತು ವರ್ಷ. ಅಮ್ಮನ ಎದೇಲಿ ಸುಯ್‌ಸುಯ್ ಅಂತ ಸದ್ದು. ಅದು ಕೇಳ್ತಾ ಕೇಳ್ತಾನೇ ನಾವು ಮಲಗೋದು. ಒಂದು ದಿನ ಬೆಳಕು ಹರಿಯೋ ಹೊತ್ತಿಗೆ ಸದ್ದು ನಿಂತುಹೋಯ್ತು. ಅಪ್ಪ, 'ಪಾಪ, ಈಗ ಕಣ್ಣು ಹತ್ತಿದೆ, ಎಬ್ಬಿಸಬೇಡಿ' ಅಂತ ಕಂಬಳಿ ಹೊದಿಸಿದ್ರು. ನಾವೆಲ್ಲ ತುದಿಗಾಲಲ್ಲಿ ಓಡಾಡಿದ್ವಿ. ಅಮ್ಮ ಏಳಲೇ ಇಲ್ಲ."

ಎರಡು ವರ್ಷದ ಹಿಂದೆ ಕೆಳಗಿನ ಮಹಡಿಯ ಓಣಿಯಲ್ಲಿ ಬೆಳಗಿನ ಜಾವ ಸಿಳ್ಳೆ ಕೇಳತೊಡಗಿತು. ಸಣ್ಣಗೆ, ಎಳೆದೆಳೆದು, ಗೋಡೆಯೊಳಗಿಂದ ಬಂದ ಹಾಗೆ. ಆರನೇ ಕೋಣೆಯ ಹತ್ತಿರ ಜೋರಾಗುತ್ತಿತ್ತು. ನಲ್ಲಿ ರಿಪೇರಿಯವನು ಬಂದು ಪೈಪು ಬಿಚ್ಚಿ ನೋಡಿದ, ಏನೂ ಸಿಗಲಿಲ್ಲ. ಐದನೇ ಕೋಣೆಯ ಹುಡುಗಿ ಗಂಟುಮೂಟೆ ಕಟ್ಟಿದಳು. ಕಾವಲುಗಾರ ಆ ಓಣಿಗೆ ಕಾಲಿಡುವುದನ್ನೇ ಬಿಟ್ಟ.

"ನಾನು ಬಾಗಿಲಿಗೆ ಕಿವಿ ಕೊಟ್ಟು ಕೇಳಿದೆ. ಅದು ದೆವ್ವ ಅಲ್ಲ, ದಮ್ಮು," ಎನ್ನುತ್ತಾರೆ ದೊಡ್ಡಮ್ಮ.

ಆರನೇ ಕೋಣೆಯಲ್ಲಿ ಇದ್ದವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಜೊತೆಯವಳು ಊರಿಗೆ ಹೋಗಿದ್ದಳು. ದೊಡ್ಡಮ್ಮ ಕೇಳಿದ್ದಕ್ಕೆ ಅವಳು ನಕ್ಕಳು: "ನನಗೇನಾಗಿದೆ ದೊಡ್ಡಮ್ಮಾ, ಕೆಮ್ಮೋದು ನೀವು!" ಹಿಂದಿನ ಹಾಸ್ಟೆಲಿನವರು ಇದು ಅಂಟುರೋಗವೆಂದು ಅವಳನ್ನು ಹೊರಗೆ ಹಾಕಿದ್ದರು. ಇಲ್ಲಿ ಗೊತ್ತಾಗಬಾರದೆಂದು ಉಬ್ಬಸ ಬಂದಾಗಲೆಲ್ಲ ದಿಂಬಿಗೆ ಮುಖ ಒತ್ತಿ ಕೂರುತ್ತಿದ್ದಳು. ಇದು ತಿಳಿದದ್ದು ಆಮೇಲೆ. "ಆವತ್ತೇ ಗಟ್ಟಿಯಾಗಿ ಕೇಳ್ಬೇಕಿತ್ತು. ಬೇರೆಯವರ ಮನೆ ಹುಡುಗಿ, ನಮಗ್ಯಾಕೆ ಅಂತ ಸುಮ್ಮನಾದೆ. ಅದು ನನ್ನ ತಪ್ಪೇ."

ಸಿಳ್ಳೆ ಶುರುವಾದ ಒಂಬತ್ತನೇ ದಿನ ಓಣಿ ನಿಶ್ಶಬ್ದ. ಕಾವಲುಗಾರ ಓಣಿಯ ಬಾಗಿಲಲ್ಲೇ ನಿಂತು, "ಕೊನೆಗೂ ತೊಲಗಿತು ನೋಡಿ!" ಎಂದ. ದೊಡ್ಡಮ್ಮ ಓಡಿ ಆರನೇ ಕೋಣೆಯ ಬಾಗಿಲು ಬಡಿದರು, ಒಳಗಿಂದ ಚಿಲಕ ಹಾಕಿತ್ತು. "ಬಾಗಿಲು ಒಡೆಯಪ್ಪಾ," ಎಂದರು. ಅವನು ಮಿಕಿಮಿಕಿ ನೋಡಿದ. "ಒಡಿ ಅಂದ್ರೆ ಒಡಿ!"

ಹುಡುಗಿ ಮಂಚದ ಅಂಚಿನಲ್ಲಿ ಎರಡೂ ಕೈ ಮಂಡಿಗೂರಿ ನೆಟ್ಟಗೆ ಕೂತಿದ್ದಳು. ಕಣ್ಣು ತೆರೆದಿತ್ತು, ತುಟಿ ನೀಲಿಗಟ್ಟಿತ್ತು. "ಎದೆ ಏಳ್ತಿತ್ತು, ಬೀಳ್ತಿತ್ತು. ಸದ್ದೇ ಇಲ್ಲ. ಸಿಳ್ಳೆ ಬರಬೇಕಾದ್ರೂ ಒಳಗೆ ಒಂಚೂರು ಗಾಳಿ ಆಡಬೇಕಲ್ವಾ? ಅಷ್ಟೂ ಇರಲಿಲ್ಲ."

ಕಾವಲುಗಾರನನ್ನು ಆಂಬುಲೆನ್ಸಿಗೆ ಫೋನ್ ಮಾಡಲು ಓಡಿಸಿ, ಮೇಜಿನ ಮೇಲಿದ್ದ ಕಾಗದದ ಲೋಟದ ತಳವನ್ನು ಹಲ್ಲಿನಿಂದ ತೂತು ಮಾಡಿದರು. ಅದಕ್ಕೆ ತಮ್ಮ ನೀಲಿ ಪಂಪು ಸಿಕ್ಕಿಸಿ ಅವಳ ಮೂಗುಬಾಯಿಗೆ ಒತ್ತಿ ಹಿಡಿದರು. ಒಂದು ಸಲ ಒತ್ತುವುದು, ನಾಲ್ಕೈದು ಉಸಿರು ಕಾಯುವುದು, ಮತ್ತೆ ಒತ್ತುವುದು. ಏಳನೆಯದಕ್ಕೆ ಅವಳ ಎದೆಯೊಳಗಿಂದ ಎಳೆಯಷ್ಟು ಸಣ್ಣ ಸಿಳ್ಳೆ ಹೊರಟಿತು. "ಇಡೀ ಹಾಸ್ಟೆಲು ಹೆದರಿದ್ದ ಸದ್ದು. ಅದನ್ನ ಕೇಳಿ ನಾನು ಗೊಳೋ ಅಂತ ಅತ್ತುಬಿಟ್ಟೆ."

ಹುಡುಗಿ ಐದು ದಿನ ಆಸ್ಪತ್ರೆಯಲ್ಲಿದ್ದಳು. ಮೂರನೇ ದಿನ ದೊಡ್ಡಮ್ಮ ಖಾಲಿ ಕೋಣೆ ಒರೆಸಲು ಹೋದರು. ಕಿಟಕಿ ಮುಚ್ಚಿತ್ತು. ಮಂಚ ಒರೆಸಿ, ಬೀರುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೂಲೆ ಉಜ್ಜುತ್ತಿದ್ದಾಗ ಸಿಳ್ಳೆ ಮತ್ತೆ ಕೇಳಿಸಿತು. ಅದೇ ಸಿಳ್ಳೆ, ಕಿವಿಯ ಪಕ್ಕದಲ್ಲೇ.

"ಮಂಚದ ಕೆಳಗೆ ನೋಡಿದೆ. ಬೀರು ತೆಗೆದು ನೋಡಿದೆ. ಯಾರೂ ಇಲ್ಲ. ಸರಿಯಾಗಿ ಕೇಳೋಣ ಅಂತ ಉಸಿರು ಬಿಗಿ ಹಿಡಿದೆ. ಸಿಳ್ಳೆ ನಿಂತುಹೋಯ್ತು. ಬಿಟ್ಟೆ, ಮತ್ತೆ ಶುರು." ತಮ್ಮ ಎದೆಯನ್ನು ಮುಟ್ಟಿ ತೋರಿಸುತ್ತಾರೆ. "ನನ್ನದೇ!"

ಬೆಳಿಗ್ಗೆ ಕೊಳವೆ ಮುನ್ನೂರ ಮೂವತ್ತು ತೋರಿಸಿತ್ತು. ಹೊರಗೆ ಬಂದು, ಪಂಪು ಸೇದುವ ಮುಂಚೆ ಮತ್ತೆ ಊದಿ ನೋಡಿದರು. ಇನ್ನೂರ ನಲವತ್ತು. ಕೋಣೆಯಲ್ಲೇ ಏನೋ ಇದೆ ಎಂದು ಖಾತ್ರಿಯಾಯಿತು. ವಾರ್ಡನ್‌ರನ್ನು ಎಳೆದು ತಂದು, ಬಾಯಿಗೆ ಬಟ್ಟೆ ಕಟ್ಟಿಸಿ, ಬೀರು ಸರಿಸಲು ಹೇಳಿದರು. ತಾವು ಓಣಿಯಲ್ಲೇ ನಿಂತರು.

ಬೀರುವಿನ ಹಿಂದೆ ಗೋಡೆ ಕಪ್ಪಾಗಿತ್ತು. ನೆಲದಿಂದ ಆಳೆತ್ತರಕ್ಕೆ ಬೂಷ್ಟು, ಮಖಮಲ್ಲಿನ ಹಾಗೆ ಮೆತ್ತಗೆ. ವಾರ್ಡನ್ ಕಿಟಕಿ ತೆರೆದಾಗ ಬೀಸಿದ ಗಾಳಿಗೆ ಅದರ ಕೂದಲು ಮೆಲ್ಲಗೆ ಅಲುಗಿತಂತೆ. ಆಚೆ ಬದಿಯ ಬಚ್ಚಲಿನ ನೀರು ವರ್ಷಗಳಿಂದ ಒಳಗೊಳಗೇ ಇಳಿದಿತ್ತು. ಹುಡುಗಿಯ ದಿಂಬಿಗೂ ಆ ಗೋಡೆಗೂ ನಡುವೆ ಇದ್ದದ್ದು ಒಂದು ಬೀರು ಮಾತ್ರ.

ಆ ಗೋಡೆಯ ಗಾರೆ ಕಿತ್ತು ಹೊಸದು ಹಾಕಿದ್ದಾರೆ. ಹುಡುಗಿ ಈಗ ಎರಡನೇ ಮಹಡಿಯ ಬಿಸಿಲು ಬೀಳುವ ಕೋಣೆಯಲ್ಲಿದ್ದಾಳೆ, ತನ್ನ ಪಂಪನ್ನು ಎಲ್ಲರೆದುರೇ ಸೇದುತ್ತಾಳೆ. ಮಾತಿನ ಮಧ್ಯೆ ಅವಳು ಮೆಟ್ಟಿಲಿಳಿದು ಬಂದಾಗ ದೊಡ್ಡಮ್ಮ ಮಾತು ನಿಲ್ಲಿಸಿ ಅವಳ ಎದೆಯನ್ನೇ ನೋಡಿದರು. "ದೊಡ್ಡಮ್ಮಾ, ಹಾಗೆ ನೋಡಬೇಡಿ, ಭಯ ಆಗುತ್ತೆ," ಎಂದು ನಗುತ್ತಾ ಅಂಗಡಿಗೆ ಹೋದಳು.

ಸನ್ಮಾನವೇನಾದರೂ ಆಯಿತೇ ಎಂದರೆ ಕೈ ಕೊಡವುತ್ತಾರೆ. "ಹಾರ ಹಾಕ್ತೀವಿ ಅಂದ್ರು. ಬೇಡ್ರಪ್ಪಾ, ಹೂವಿನ ಪುಡಿಗೆ ಅಲ್ಲೇ ಸೀನೋಕೆ ಶುರು ಮಾಡ್ತೀನಿ ಅಂದೆ."

ಹಾಸ್ಟೆಲಿನವರು ಆಪತ್ತಿಗೆಂದು ಒಂದು ಪಂಪು ತಂದಿದ್ದಾರೆ. ಅದು ಆಫೀಸಿನ ಬೀಗ ಹಾಕಿದ ಕಪಾಟಿನಲ್ಲಿದೆ. ದೊಡ್ಡಮ್ಮನ ಒಂದೇ ಕೋರಿಕೆ ಅದರ ಬಗ್ಗೆ.

"ಆ ಪಂಪನ್ನ ಬೀಗದೊಳಗೆ ಇಡಬೇಡಿ ಅಂತ ನಿಮ್ಮ ಪೇಪರಲ್ಲಿ ಬರೀರಿ. ಆಫೀಸು ತೆಗೆಯೋದು ಒಂಬತ್ತಕ್ಕೆ. ಉಸಿರಿಗೆ ಅದೆಲ್ಲ ಗೊತ್ತಿರಲ್ಲ."