ಹದಿನೇಳನೆಯ ಹೆಜ್ಜೆ

ಶಾಂತವ್ವನನ್ನು ಆಸ್ಪತ್ರೆಯವರು ಹದಿನೆಂಟು ದಿನ ಹಾಸಿಗೆಯಿಂದ ಇಳಿಯಗೊಡಲಿಲ್ಲ. ಅದರ ಬೆಲೆಯನ್ನು ಅವಳ ಎರಡು ಕಾಲುಗಳು ತೆತ್ತವು. ಅವಳ ಮಗಳು ರೇಣುಕಾಳ ಕಾಲೇಜೂ ತೆರುವುದರಲ್ಲಿತ್ತು. ಆಸ್ಪತ್ರೆ ಏನನ್ನೂ ತೆರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ವಿಚಿತ್ರ ಸಂಗತಿಯನ್ನು ಓದುವ ಭರದಲ್ಲಿ ಯಾರೂ ಈ ಅನ್ಯಾಯವನ್ನು ಮರೆಯಬಾರದು.

ವಿಚಿತ್ರಗಳನ್ನು ನಾನು ನಂಬಿದವಳಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಬಹುಕಾಲ ವಿಜ್ಞಾನ ಕಲಿಸಿದ್ದೇನೆ. ನಿಂಬೆಹಣ್ಣು ಕೊಯ್ದು ರಕ್ತ ಬರಿಸುವ ಬಾಬಾಗಳ ಕೈಚಳಕವನ್ನು, ಚಾಕುವಿಗೆ ದಾಸವಾಳದ ರಸ ಸವರಿ, ಮಕ್ಕಳೆದುರೇ ಮಾಡಿ ತೋರಿಸಿದ್ದೇನೆ. ಯಾರಾದರೂ "ನನಗೆ ಮೊದಲೇ ತಿಳಿದಿತ್ತು" ಎಂದರೆ, ತಿಳಿಯದೇ ಹೋದ ಉಳಿದ ಸಲಗಳ ಮಾತೇನು ಎಂದು ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ, ಹಾಡುಹಗಲಿನಲ್ಲಿ, ನನ್ನ ಕಣ್ಣೆದುರೇ ನಡೆದ ಒಂದು ಸಂಗತಿಯ ಮುಂದೆ ಆ ಪ್ರಶ್ನೆ ನನಗೆ ಸಾಕಾಗಲಿಲ್ಲ.

ನಿವೃತ್ತಿಯಾದ ಮೇಲೆ ನಾವು ಕೆಲವರು ಸೇರಿ ನವಿ ಮುಂಬಯಿಯ ಘಣಸೋಲಿಯಲ್ಲಿ, ಹಳೆಯ ಊರಿನ ಕಡೆ, ಒಂದು ಉದ್ದನೆಯ ಹಾಲ್ ಹಿಡಿದೆವು. ಆರು ಹಾಸಿಗೆಗಳು. ಆಸ್ಪತ್ರೆಯಿಂದ ಬಿಡುಗಡೆಯಾಗಿಯೂ ಮನೆಯಲ್ಲಿ ಬದುಕುವಷ್ಟು ಶಕ್ತಿ ಬಾರದವರು ಮೂರು ನಾಲ್ಕು ವಾರ ಅಲ್ಲಿ ಉಳಿಯುತ್ತಾರೆ. ಅದನ್ನು ನಡುಮನೆ ಎಂದು ಕರೆಯುತ್ತೇವೆ. ಅಲ್ಲಿ ರೋಗಿಗೆ ನೀರು ತಂದುಕೊಡುವವರಿಲ್ಲ. ನೀರಿನ ಮಡಕೆಯವರೆಗೆ ಜೊತೆಗೆ ನಡೆಯುವವರಿದ್ದಾರೆ. ಚಹಾ ಬೇಕಾದವರು ಒಲೆಯ ಮುಂದೆ ನಿಂತು ತಾವೇ ಕುದಿಸಿಕೊಳ್ಳಬೇಕು. ಈ ಮಾತನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಆ ಹೆಮ್ಮೆಯನ್ನು ಮುಚ್ಚಿಡುವ ಉದ್ದೇಶವೂ ಇಲ್ಲ.

ನಡುಮನೆಯಲ್ಲಿ ಒಂದು ಪದ್ಧತಿಯಿದೆ. ರೋಗಿ ಬಂದ ವಾರದೊಳಗೆ ನಮ್ಮಲ್ಲೊಬ್ಬರು ಅಳತೆಯ ಟೇಪು ಹಿಡಿದು ಅವರ ಮನೆಗೆ ಹೋಗುತ್ತೇವೆ. ಬಾಗಿಲ ಅಗಲ, ಹೊಸ್ತಿಲ ಎತ್ತರ, ಹಾಸಿಗೆಯಿಂದ ಒಲೆಗೆ ಎಷ್ಟು, ಮನೆಯಿಂದ ಸಂಡಾಸಿಗೆ ಎಷ್ಟು, ಎಲ್ಲವನ್ನೂ ಬರೆದುಕೊಂಡು ಬಂದು ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಮನೆಯನ್ನೇ ಎಳೆಯುತ್ತೇವೆ. ಹೊಸ್ತಿಲಿದ್ದಲ್ಲಿ ಇಟ್ಟಿಗೆ ಇಡುತ್ತೇವೆ. ರೋಗಿ ದಿನವೂ ಆ ಗೆರೆಗಳ ನಡುವೆ ಓಡಾಡುತ್ತಾನೆ. ಮನೆಗೆ ಹೋಗುವ ಮೊದಲೇ ಅವನ ಕಾಲು ಮನೆಯನ್ನು ಕಲಿತಿರುತ್ತದೆ.

ಶಾಂತವ್ವ ವಿಜಯಪುರದ ಕಡೆಯವಳು, ಐವತ್ತರ ಆಸುಪಾಸು. ಘಣಸೋಲಿಯ ಹೊಸ ಸೆಕ್ಟರಿನ ಕಟ್ಟಡವೊಂದರಲ್ಲಿ ಗಾರೆ ಹೊರುವಾಗ, ಗೋಡೆಗೆ ಕಟ್ಟಿದ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಬಲಗಡೆಯ ಸೊಂಟದ ಮೂಳೆ ಮುರಿದುಕೊಂಡಳು. ಕೆಳಗೆ ಬಲೆ ಕಟ್ಟಿಸದ ಗುತ್ತಿಗೆದಾರ ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಮಾಯವಾದ. ಆಪರೇಷನ್ ಚೆನ್ನಾಗಿಯೇ ಆಯಿತು. ಅನಂತರದ್ದೇ ಅಪರಾಧ. ಎದ್ದು ಬಿದ್ದರೆ ತಮ್ಮ ಮೇಲೆ ದೂರು ಬರುತ್ತದೆಂದು ಮಂಚದ ಎರಡೂ ಕಡೆಯ ಕಂಬಿಗಳನ್ನು ಏರಿಸಿಟ್ಟು, ಎಲ್ಲವನ್ನೂ ಮಲಗಿದಲ್ಲೇ ಮಾಡಿಸಿದರು. ಹದಿನೆಂಟನೆಯ ದಿನ "ನಡೆದಾಡಿಸಿ" ಎಂಬ ಒಂದು ಸಾಲು ಬರೆದ ಕಾಗದ ಕೊಟ್ಟು ಕಳಿಸಿದರು. ಯಾರು, ಎಲ್ಲಿ, ಹೇಗೆ ಎಂಬುದು ಅದರಲ್ಲಿರಲಿಲ್ಲ.

ಅಷ್ಟರಲ್ಲಿ ಅವಳ ಮನೆಯೇ ಬದಲಾಗಿತ್ತು. ಡೊಂಬಿವಲಿಯಲ್ಲಿ ಅವರಿದ್ದ ಕಟ್ಟಡವನ್ನು ಮಾಲೀಕ ವರ್ಷಗಟ್ಟಲೆ ರಿಪೇರಿ ಮಾಡಿಸಿರಲಿಲ್ಲ. ಅಪಾಯಕಾರಿ ಎಂಬ ನೋಟೀಸು ಅಂಟಿಸಿ ಎಲ್ಲರನ್ನೂ ಖಾಲಿ ಮಾಡಿಸಿದರು. ಗಂಡ ಮಲ್ಲಪ್ಪ ಮತ್ತು ಮಗಳು ವಿಠ್ಠಲವಾಡಿಯ ಒಂದು ಚಾಳಿಗೆ ಬಂದರು. ಎರಡು ಸಾಲು ಕೋಣೆಗಳು, ನಡುವೆ ಶೀಟು ಹೊದಿಸಿದ ಕತ್ತಲೆಯ ಪ್ಯಾಸೇಜು, ಅದರ ಕೊನೆಗೆ ಎಲ್ಲರಿಗೂ ಸೇರಿದ ಸಂಡಾಸು. ಶಾಂತವ್ವ ಆ ಚಾಳನ್ನು ಒಮ್ಮೆಯೂ ನೋಡಿರಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮಲ್ಲಪ್ಪ ವಾಶಿಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ, ನಸುಕಿನಲ್ಲೇ ಹೊರಡುತ್ತಾನೆ. ತಾಯಿಯನ್ನು ಸಂಡಾಸಿಗೆ ಕರೆದೊಯ್ಯಲು ಉಳಿಯುವವಳು ರೇಣುಕಾ ಒಬ್ಬಳೇ. ಅವಳು ನೆರೂಳದ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದಳು. ಕಾಲೇಜು ಬಿಡುವ ಅರ್ಜಿಯನ್ನು ಬರೆದು ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಳು. ಅದನ್ನು ನನಗೆ ತೋರಿಸಿ, "ಆಯಿ ಅಕೇಲಿ ಜಾ ಸಕೀ, ತೋ ಫಾಡ್ ದೂಂಗಿ, ಟೀಚರ್" ಎಂದಳು. ತಾಯಿ ಒಬ್ಬಳೇ ಹೋಗಿಬರುವಂತಾದರೆ ಹರಿದುಹಾಕುತ್ತಾಳಂತೆ.

ಶಾಂತವ್ವ ಹಾಸಿಗೆಯಿಂದಲೇ ನಕ್ಕಳು. "ನಾ ಸಂಡಾಸಕ್ಕ ಹೋದರ ನೀ ಕಾಲೇಜಿಗೆ ಹೋಗ್ತಿ ಅಂದ್ರ, ನಾ ಓಡಕೋತನ ಹೋಗ್ತೀನಿ ತಗೋ."

ವಿಠ್ಠಲವಾಡಿಗೆ ಅಳತೆಗೆ ಹೋದವಳು ನಾನೇ. ಅಂದು ಭಾನುವಾರ, ಯಾರೋ ಪ್ಯಾಸೇಜಿನ ತುಂಬ ಹಳೆಬಟ್ಟೆಯ ದಪ್ಪ ಕೌದಿಗಳನ್ನು ಒಗೆದು ಹಾಸಿ, ನೇತುಹಾಕಿ ಒಣಗಿಸುತ್ತಿದ್ದರು. ನಾನು ಅವುಗಳನ್ನು ದಾಟಿಕೊಂಡು ಟೇಪು ಎಳೆದು ಬಂದೆ. ಬಾಗಿಲಿನಿಂದ ಸಂಡಾಸಿಗೆ ಮೂವತ್ತೆರಡು ಅಡಿ. ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿದೆ: "ದಾರಿ ಸಮತಟ್ಟು. ಅಡ್ಡಿಗಳಿಲ್ಲ."

ಹಾಗೆಯೇ ನೇರ ಗೆರೆ ಎಳೆದೆವು. ಅವಳ ವ್ಯಾಯಾಮ ನೋಡಿಕೊಳ್ಳುತ್ತಿದ್ದವನು ಸುಧಾಕರ, ಉಡುಪಿ ಕಡೆಯ ಮನೆತನದ ಫಿಸಿಯೋಥೆರಪಿಸ್ಟ್. ಎರಡನೆಯ ವಾರದ ಹೊತ್ತಿಗೆ ಶಾಂತವ್ವ ವಾಕರ್ ಬಿಟ್ಟು ಎಡಗೈಯಲ್ಲಿ ಕೋಲು ಹಿಡಿದು ನಡೆಯತೊಡಗಿದಳು. ಆಗಲೇ ಅದು ಶುರುವಾಯಿತು. ನಡೆಯುತ್ತ ನಡೆಯುತ್ತ ಒಂದು ಕಡೆ ಅವಳು ನಿಲ್ಲುವಳು. ಬಲಗೈಯನ್ನು ಗಾಳಿಯಲ್ಲಿ ಚಾಚಿ ಏನನ್ನೋ ಹಿಡಿದಂತೆ ಮಾಡುವಳು. ಕಾಲನ್ನು ಎತ್ತರಕ್ಕೆ ಎತ್ತಿ ಆಚೆ ಇಡುವಳು. ಆಮೇಲೆ ಮಾಮೂಲಿನಂತೆ ಮುಂದೆ ಸಾಗುವಳು.

"ಅಮ್ಮಾ, ಅಲ್ಲಿ ಎಂಥದ್ದೂ ಇಲ್ಲ ಮಾರಾಯ್ರೆ. ಸುಮ್ಮನೆ ಯಾಕೆ ಕಾಲು ಎತ್ತುವುದು? ಸೊಂಟಕ್ಕೆ ಪೆಟ್ಟಾಗ್ತದೆ," ಎಂದ ಸುಧಾಕರ.

"ಇಲ್ಲಿ ಎತ್ತಬೇಕ್ರಿ ಡಾಕ್ಟರ."

"ಯಾರು ಹೇಳಿದ್ದು?"

"ಯಾರ್ ಹೇಳಬೇಕ? ಮನಿ ನಂದೋ ನಿಮ್ಮದೋ?"

ಮರುದಿನವೂ ಅಲ್ಲಿಯೇ. ಅದರ ಮರುದಿನವೂ. ಸುಧಾಕರ ಹೆಜ್ಜೆ ಎಣಿಸಿದ: ಬಾಗಿಲಿನಿಂದ ಹದಿನೇಳನೆಯದು. ತಪ್ಪನ್ನು ತಿದ್ದಲೆಂದು ಆ ಜಾಗಕ್ಕೆ ಕೆಂಪು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ನಾನೂ ಅವಳಿಗೆ ಗದರಿದೆ. ಹಾಸಿಗೆಯಲ್ಲಿ ಕೊಳೆತು ಹುಟ್ಟಿದ ಭಯ ಅದು, ಬಿಡಿಸಬೇಕು ಎಂದು ನನ್ನ ತೀರ್ಮಾನವಾಗಿತ್ತು. ಆಸ್ಪತ್ರೆಯವರು ಅವಳ ಮಾತು ಕೇಳಲಿಲ್ಲವೆಂದು ಊರಿಗೆಲ್ಲ ಸಾರುತ್ತಿದ್ದ ನಾನೂ ಕೇಳಲಿಲ್ಲ. ಈ ತಪ್ಪಿಗೆ ಹೊಣೆ ನಾನು. ಅನ್ಯಾಯಗಳನ್ನು ಹೆಸರಿಸುವಾಗ ಇದನ್ನು ಬಿಡುವಂತಿಲ್ಲ.

ಶಾಂತವ್ವ ನಮ್ಮ ಗದರಿಕೆಗೆ ತಲೆಯಾಡಿಸುವಳು, ಮತ್ತೆ ಅಲ್ಲಿ ಕಾಲೆತ್ತುವಳು.

ನಾಲ್ಕನೆಯ ವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು, ಸುಧಾಕರ ಮತ್ತು ರೇಣುಕಾ ಅವಳನ್ನು ವಿಠ್ಠಲವಾಡಿಗೆ ಕರೆತಂದೆವು. ಅವಳ ಕೋಣೆ ಚಾಳಿನ ಬೀದಿ ಕಡೆಯ ಬಾಗಿಲಿಗೆ ಅಂಟಿಕೊಂಡೇ ಇದ್ದುದರಿಂದ ಪ್ಯಾಸೇಜನ್ನು ತುಳಿಯದೆಯೇ ಒಳಗೆ ಹೋದೆವು. ಅವಳು ಹೊಸ ಮನೆಯನ್ನು ಸುತ್ತ ನೋಡಿದಳು, ಡಬ್ಬಿಗಳನ್ನು ಮಗಳು ತಪ್ಪು ಜಾಗದಲ್ಲಿ ಇಟ್ಟಿದ್ದಾಳೆಂದು ಬೈದಳು, ಚಹಾ ಕುಡಿದಳು. ಬಳಿಕ ಕೋಲು ಹಿಡಿದು ಎದ್ದಳು.

"ಯಾರೂ ಮುಟ್ಟಬ್ಯಾಡ್ರಿ. ನಾ ಒಬ್ಬಾಕಿನ ಹೋಗ್ತೀನಿ."

ಬಿಸಿಲಿನ ಕೋಣೆಯಿಂದ ಹೊರಬಂದವರಿಗೆ ಪ್ಯಾಸೇಜಿನಲ್ಲಿ ಮನುಷ್ಯರ ಆಕಾರ ಬಿಟ್ಟರೆ ನೆಲ ಕಾಣುತ್ತಿರಲಿಲ್ಲ, ಬಲ್ಬು ಕೆಟ್ಟಿತ್ತು. ನಾನು ಅವಳ ಹಿಂದೆ ಎರಡು ಮಾರು ದೂರದಲ್ಲಿದ್ದೆ. ಸುಧಾಕರ ಅಭ್ಯಾಸಬಲದಿಂದ ಮೆಲ್ಲಗೆ ಎಣಿಸುತ್ತಿದ್ದ. ಹದಿನೈದು, ಹದಿನಾರು. ಶಾಂತವ್ವ ನಿಂತಳು. ಬಲಗೈ ಚಾಚಿದಳು. ಈ ಸಲ ಆ ಕೈ ಏನನ್ನೋ ಹಿಡಿದ ಸದ್ದು ಕೇಳಿಸಿತು. ಕಾಲೆತ್ತಿ ಆಚೆಗಿಟ್ಟು ಅವಳು ಮುಂದೆ ಹೋದಳು.

ಎಡವಿದವಳು ನಾನು. ಮುಗ್ಗರಿಸಿ ಗೋಡೆಗೆ ಒರಗಿದೆ. ಸುಧಾಕರ ಮೊಬೈಲಿನ ದೀಪ ಹಚ್ಚಿದ. ನೆಲದಲ್ಲಿ ಅಡ್ಡಲಾಗಿ ಹಾದ ನೀರಿನ ಪೈಪಿನ ಮೇಲೆ ಸಿಮೆಂಟು ಮೆತ್ತಿದ ಒಂದು ದಿಣ್ಣೆ, ನಾಲ್ಕು ಬೆರಳು ಎತ್ತರ. ಬಲಗಡೆಯ ಗೋಡೆಗುಂಟ, ಕೈಗೆಟಕುವಲ್ಲಿ, ಮೇಲೇರಿದ ಕಬ್ಬಿಣದ ಪೈಪು. ನಾನು ಅಳತೆಗೆ ಬಂದ ದಿನ ಒಂದು ಕೌದಿ ಆ ದಿಣ್ಣೆಯ ಮೇಲೆ ಹಾಸಿತ್ತು, ಇನ್ನೊಂದು ಆ ಪೈಪಿಗೆ ನೇತಾಡುತ್ತಿತ್ತು.

ಸಂಡಾಸಿನ ಬಾಗಿಲ ಹತ್ತಿರ ನಿಂತು ಶಾಂತವ್ವ ಹಿಂತಿರುಗಿ ನೋಡಿದಳು. "ಹೇಳಿದ್ದಿಲ್ಲೇನ್ರಿ ಅಕ್ಕಾರ? ಪೆಟ್ಟಾತೇನು?"

ರೇಣುಕಾ ಅಲ್ಲೇ ಚೀಲ ತೆರೆದು ಅರ್ಜಿಯನ್ನು ನಾಲ್ಕು ಚೂರು ಮಾಡಿದಳು. ಮರುವರ್ಷ ಪದವಿ ಮುಗಿಸಿದಳು. ನಡುಮನೆಯ ಕೆಲಸದಲ್ಲಿ ನಾನು ಅತ್ಯಂತ ಹೆಮ್ಮೆಪಡುವ ಸದ್ದು ಆ ಕಾಗದ ಹರಿದ ಸದ್ದು.

ಆ ಸಂಜೆಯೇ ನಾನು ಘಣಸೋಲಿಗೆ ಮರಳಿ, ಬಾಗಿಲ ಗೆರೆಯಿಂದ ಕೆಂಪು ಗುರುತಿಗೆ ಟೇಪು ಹಿಡಿದೆ. ಚಾಳಿನಲ್ಲಿ ಬಾಗಿಲಿನಿಂದ ದಿಣ್ಣೆಗೆ ಅಳೆದು ಬಂದಿದ್ದೆ. ಎರಡಕ್ಕೂ ಒಂದು ಬೆರಳಿನಷ್ಟೂ ವ್ಯತ್ಯಾಸವಿರಲಿಲ್ಲ.

ಯಾರಾದರೂ ಅವಳಿಗೆ ಹೇಳಿರಬಹುದೇ ಎಂದು ವಿಚಾರಿಸಿದೆ. ರೇಣುಕಾ ತಾನು ಆ ದಿಣ್ಣೆಯನ್ನು ಗಮನಿಸಿಯೇ ಇಲ್ಲ ಎಂದಳು. ಮಲ್ಲಪ್ಪ, "ದಿನಾ ದಾಟ್ತೀನ್ರಿ, ಐತಿ ಅನ್ನೂದ ಗೊತ್ತಿಲ್ಲ" ಎಂದ. ಹಳೆಯ ಮನೆಯ ರೂಢಿಯೇ ಎಂದರೆ, ಅಲ್ಲಿ ಸಂಡಾಸು ಬಾಗಿಲಿನ ಪಕ್ಕದಲ್ಲೇ ಇತ್ತಂತೆ, ಹದಿನೇಳು ಹೆಜ್ಜೆಯ ದಾರಿಯೇ ಇರಲಿಲ್ಲ. ಕಾಕತಾಳೀಯ ಎನ್ನಬಹುದು, ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ನಾನು ಅಂಕ ಕೊಡುತ್ತಿದ್ದೆ. ಆದರೆ ದಿನವೂ ಅದೇ ಹೆಜ್ಜೆ, ಜೊತೆಗೆ ಆ ಚಾಚಿದ ಕೈ? ಶಾಂತವ್ವನನ್ನೇ ಕೇಳಿದೆ. "ಕಾಲಿಗೆ ಗೊತ್ತಿತ್ರಿ" ಎಂದಳು, ಮತ್ತೆ ಅಕ್ಕಿ ಆರಿಸುವುದರಲ್ಲಿ ತೊಡಗಿದಳು. ಇಂದಿಗೂ ನನ್ನಲ್ಲಿ ಅದಕ್ಕೊಂದು ವಿವರಣೆಯಿಲ್ಲ. ಇದೆಯೆಂದು ನಟಿಸಲಾರೆ.

ಇಷ್ಟನ್ನು ಮಾತ್ರ ಬಲ್ಲೆ. ಅಂದು ಅವಳು ಬಿದ್ದಿದ್ದರೆ ಅದಕ್ಕೆ ಕಾರಣ ವಿಧಿಯಲ್ಲ, ನನ್ನ ಅರೆಬರೆ ಅಳತೆ. ಮತ್ತು ನನ್ನಂಥವಳು ಅಳೆಯಬೇಕಾಗಿ ಬಂದದ್ದು, ಅಳೆಯಬೇಕಾದವರು ಅಳೆಯದ್ದರಿಂದ.

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಆಸ್ಪತ್ರೆ ನಡೆಸುವವರೇ, ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಮೂಳೆ ಮುರಿದ ರೋಗಿಯ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವ ಮೊದಲು, ನಿಮ್ಮ ಸಿಬ್ಬಂದಿಯೊಬ್ಬರು ಟೇಪು ಹಿಡಿದು ಆ ರೋಗಿಯ ಹಾಸಿಗೆಯಿಂದ ಸಂಡಾಸಿನವರೆಗಿನ ದಾರಿಯನ್ನು ನಡೆದು ನೋಡಲಿ. ನೆಲದ ಮೇಲೆ ಏನು ಹಾಸಿದ್ದರೂ ಎತ್ತಿ ನೋಡಲಿ. ಆ ಅಳತೆ ಕಾಗದದಲ್ಲಿ ಇಲ್ಲದೆ ನಿಮ್ಮ ಸಹಿ ಬೀಳಕೂಡದು. ಎಲ್ಲರ ಕಾಲಿಗೂ ಮೊದಲೇ ಗೊತ್ತಿರುವುದಿಲ್ಲ.