ಹ್ಯಾಂಡ್‌ಬ್ರೇಕ್ ಎಳೆದವರು ಯಾರು?

ಇದನ್ನು ಕಟ್ಟುಕಥೆ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಚೆಂಬೂರಿನ ನಮ್ಮ ಗುಡ್ಡದ ಓಣಿಗೆ ಬನ್ನಿ. ಅಕ್ಕನ ಖೋಲಿಯ ಬಾಗಿಲ ಮುಂದೆ, ಸಿಮೆಂಟಿನ ಮೇಲೆ, ಟೈರು ಉಜ್ಜಿದ ಎರಡು ಕರಿ ಪಟ್ಟೆಗಳಿವೆ. ಮಳೆಗೂ ಅಳಿಸಿಹೋಗಿಲ್ಲ. ನೋಡಿ, ಆಮೇಲೆ ಮಾತಾಡಿ.

ನಾನು ವಿಜಯಪುರದ ಕಡೆಯವನು. ಬರಿಗೈಯಲ್ಲಿ ಈ ಊರಿಗೆ ಬಂದು, ಹಳೇ ಫ್ರಿಜ್ಜು ಕೂಲರು ಕೊಂಡು ಮಾರಿ ನೆಲೆ ನಿಂತವನು. ಹೇಳಿದ ರೇಟಿಗೆ ಮಾಲು ತಂದ ದಿನವೇ ಇಲ್ಲ. ಹಾಗಿರುವಾಗ ಕಾರಿನ ಹಿಂದಿನ ಡ್ರಮ್ ಬ್ರೇಕಿಗೆ, ಚಕ್ರವನ್ನು ಒತ್ತಿ ಹಿಡಿಯುವ ಹೊಸ ಶೂ ಹಾಕಲು ಮೆಕ್ಯಾನಿಕ್ ಬಾಯಿಗೆ ಬಂದ ಕೂಲಿ ಕೇಳಿದರೆ ಸುಮ್ಮನಿರುತ್ತೇನೆಯೇ?

"ಸೋನೇ ಕೆ ಹಾಥ್ ಹೈ ಕ್ಯಾ ತೇರೆ?" ಅಂದೆ, ನಿನ್ನ ಕೈಯೇನು ಬಂಗಾರದ್ದೇ ಅಂತ.

"ತೋ ಖುದ್ ಕರ್ ಲೋ, ಸೇಠ್," ನೀವೇ ಮಾಡಿಕೊಳ್ಳಿ ಅಂದು ಅವನು ನಕ್ಕ.

ಆ ನಗೆಯ ಸಿಟ್ಟಿಗೇ ಸಾಮಾನು ತಂದು ಭಾನುವಾರ ಓಣಿಯಲ್ಲೇ ಚಕ್ರ ಬಿಚ್ಚಿದೆ. ಒಂದು ಬುದ್ಧಿಮಾತು ಕೇಳಿ: ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ, ನೋಡಿಕೊಳ್ಳಲು ಒಂದಾದರೂ ಸರಿಯಾಗಿರುತ್ತದೆ. ನಾನು ಎರಡನ್ನೂ ಬಿಚ್ಚಿ ಕೂತಿದ್ದೆ. ಸ್ಪ್ರಿಂಗ್ ಹಾರಿ ಗಟಾರಕ್ಕೆ ಬಿತ್ತು, ಬೆರಳು ಜಜ್ಜಿತು. ಡ್ರಮ್ ಮುಚ್ಚುವಷ್ಟರಲ್ಲಿ ಕತ್ತಲಾಗಿತ್ತು.

ಕಾಲಿನ ಬ್ರೇಕ್ ಹಿಡಿಯಿತು. ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ.

ಕಾರಿನ ಮೂತಿ ಇಳಿಜಾರಿನ ಕಡೆಗಿತ್ತು. ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ. ಇಳಿಜಾರು ಮುಗಿಯುವಲ್ಲಿ ನೇರ ಎದುರಿಗೆ ಅಕ್ಕನ ಖೋಲಿ. ಮಂಡಿ ನೋವಿನ ಅಕ್ಕ ಸೆಕೆಗೆ ಬಾಗಿಲಲ್ಲೇ ಚಾಪೆ ಹಾಸಿ, ಓಣಿಯ ಕಡೆ ಕಾಲು ಚಾಚಿ ಮಲಗುತ್ತಾಳೆ. ಏಳಬೇಕೆಂದರೆ ಗೋಡೆ ಹಿಡಿಯಬೇಕು. ಆ ಬ್ರೇಕ್ ಸರಿಮಾಡದೆ ನಾನು ಊಟಕ್ಕೆ ಹೋಗುವಂತಿರಲಿಲ್ಲ.

ಹೆಂಡತಿಯ ತಮ್ಮ ಶಿವಪ್ಪನನ್ನು ಸ್ಟೇರಿಂಗಿನ ಮುಂದೆ ಕೂರಿಸಿದ್ದೆ. ಎರಡು ಮಕ್ಕಳ ತಂದೆ, ಆದರೂ ಒಂದು ಕೆಲಸಕ್ಕೆ ಹತ್ತು ಸಲ ಹೇಳಬೇಕು.

"ಎಳಿ," ಅಂದೆ.

"ಮಾಮಾ, ಹತ್ತಿ ಎಳದಂಗ ಬರ್ತೈತಿ. ಕೈಗಿ ಏನೂ ಹತ್ತವಲ್ದು."

"ಮುಂಜಾನಿಂದ ಅನ್ನ ತಿಂದೀಯೋ ಗಾಳಿ ತಿಂದೀಯೋ? ಜೋರ ಎಳಿ."

"ಜೋರ ಎಳದ್ರ ಕಿತ್ತ ಬರ್ತೈತಿ. ಆಮ್ಯಾಲ ಅದಕ್ಕೂ ನನ್ನs ಬೈತಿ."

ಸ್ಕ್ರೂಡ್ರೈವರ್ ಕೇಳಿದೆ. ತಂದು ಕೈಗಿಟ್ಟ. ಹಿಂದಿನ ಚಕ್ರವನ್ನು ಜಾಕಿಗೆ ಎತ್ತಿ, ನೆಲಕ್ಕೆ ಮಲಗಿ, ಶೂ ಬಿಗಿ ಮಾಡುವ ಒಳಗಿನ ಅಡ್ಜಸ್ಟರ್ ಚಕ್ರದ ಹಲ್ಲಿಗೆ ಸ್ಕ್ರೂಡ್ರೈವರ್ ಕೊಟ್ಟು, ಸುತ್ತಿಗೆಯಿಂದ ತಟ್ಟಿ ತಟ್ಟಿ ತಿರುಗಿಸಿದೆ. ಪಕ್ಕದ ಖೋಲಿಯ ಟಿವಿ ಕಿರುಚುತ್ತಿತ್ತು. ರಿಫೈನರಿಯ ಗ್ಯಾಸಿನ ವಾಸನೆ, ಬ್ರೇಕಿನ ಧೂಳು... ಬಾಯೆಲ್ಲ ಕಹಿ.

"ಎಳಿ."

ಕರ್‌ರ್‌ರ್... ಕಟ್.

ಕೈಯಲ್ಲಿ ತಿರುಗುತ್ತಿದ್ದ ಚಕ್ರ ಗಕ್ಕನೆ ನಿಂತಿತು.

"ಬಿಡು."

ಚಕ್ರ ಮತ್ತೆ ಸಡಿಲ.

"ಈಗ ಹ್ಯಾಂಗ್ ಬಂತು? ಬಾಯಾಗ ಏನ್ ಇಟ್ಕೊಂಡಿ? ಹೂಂ ಅನ್ನಾಕ ರೊಕ್ಕ ಕೊಡಬೇಕೇನ?"

ಒಳಗಿನಿಂದ ಮಾತಿಲ್ಲ. ಮುನಿಸಿಕೊಂಡಿದ್ದಾನೆ ಅಂದುಕೊಂಡೆ. ಇನ್ನೊಂದು ಬದಿಗೆ ಹೋದೆ. ಅಲ್ಲಿ ನಾನು ಹೇಳುವ ಮೊದಲೇ ಕರ್‌ರ್‌ರ್ ಅಂತು.

"ನಾ ಹೇಳೂ ತನಕ ಮುಟ್ಟಬ್ಯಾಡ ಅಂದ್ರ ತಿಳಿಯಂಗಿಲ್ಲೇನಲೇ ಕತ್ತಿ?"

ಆಮೇಲೆ ಬೈದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಅವನ ತಲೆಮಾರನ್ನೆಲ್ಲ ಜಾಲಾಡಿದೆ. ಗಾಜು ಮೇಲೇರಿತ್ತು, ಒಳಗೆ ಕತ್ತಲು. ಅಷ್ಟು ಬೈದರೂ ಎದುರುತ್ತರವಿಲ್ಲ. "ಎಳಿ" ಅಂದರೆ ಎಳೆಯುತ್ತಿತ್ತು, "ಬಿಡು" ಅಂದರೆ ಬಿಡುತ್ತಿತ್ತು.

ಜಾಕಿ ಇಳಿಸಿದೆ. ಗೇರಿನಲ್ಲಿ ಹಾಕಿರಲಿಲ್ಲ. ನೀವು ಹಾಗೆ ಮಾಡಬೇಡಿ. ಇಳಿಜಾರಿನಲ್ಲಿ ಪರೀಕ್ಷೆ ಮಾಡುವುದೇ ತಪ್ಪು. ಮಾಡಲೇಬೇಕಿದ್ದರೆ ಒಳಗೆ ಕೂತವನ ಮುಖ ನೋಡಿ ಮಾಡಿ.

"ಕಾಲು ಬ್ರೇಕಿನ ಮ್ಯಾಲ ಇರ್ಲಿ, ಕಲ್ಲು ತಗೀತೀನಿ," ಅಂದು ಎರಡನ್ನೂ ಸರಿಸಿದೆ.

ಕಾರು ಹೊರಟಿತು.

ಮೊದಲು ಮೆಲ್ಲಗೆ... ಆಮೇಲೆ ನನ್ನ ನಡಿಗೆಗಿಂತ ಬೇಗ. ಬಾಗಿಲಿನ ಹಿಡಿ ಹಿಡಿದುಕೊಂಡೆ, ಗ್ರೀಸಿನ ಕೈ ಜಾರಿತು. ಕೆಳಗೆ ಖೋಲಿಯ ಬೆಳಕಿನಲ್ಲಿ ಅಕ್ಕನ ಎರಡು ಪಾದ ಕಾಣುತ್ತಿದ್ದವು. ಅವು ಅಲುಗಲಿಲ್ಲ. ಅವಳಿಗೆ ನಿದ್ದೆ.

"ಎಳಿಲೇ! ಎಳಿ!"

ಕರ್‌ರ್‌ರ್‌ರ್...

ಟೈರು ಚೀರಿತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅಕ್ಕನ ಪಾದಕ್ಕೂ ಬಂಪರಿಗೂ ನಡುವೆ ಒಂದು ಮೊಳ ಉಳಿದಿತ್ತು.

ಅಕ್ಕ ಗೋಡೆ ಹಿಡಿದು ಎದ್ದು ಕೂತಳು. "ಏನೋ ತಮ್ಮಾ, ಮಲಗಿದಲ್ಲೇ ಮಣ್ಣ ಮಾಡಾಕ ಹೊಂಟೀಯೇನ?"

ನಾನು ಶಿವಪ್ಪನ ಕಪಾಳಕ್ಕೆ ಬಿಡಬೇಕೆಂದೇ ಬಾಗಿಲು ಜಗ್ಗಿದೆ. ಲಾಕ್ ಆಗಿತ್ತು. ಗಾಜಿಗೆ ಗುದ್ದಿದೆ. ಒಳಗೆ ಅಲುಗಾಟವಿಲ್ಲ.

"ಗಾಡಿ ಇಲ್ಲಿಗ್ಯಾಕ ತಂದಿ ಮಾಮಾ?"

ಮಾತು ಬಂದದ್ದು ನನ್ನ ಬೆನ್ನ ಹಿಂದಿನಿಂದ. ಶಿವಪ್ಪ ಒಂದು ಕೈಯಲ್ಲಿ ಚಹಾದ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಕಾರಿನ ಕೀಲಿ ಹಿಡಿದು ನಿಂತಿದ್ದ.

"ಸ್ಕ್ರೂಡ್ರೈವರ್ ಕೊಟ್ಟು, ಚಹಾ ತರ್ತೀನಿ ಅಂತ ಹೇಳೇ ಹೋದೆನಲ್ಲ. ಒಳಗ ಫೋನ್ ಇತ್ತು, ಅದಕ್ಕ ಲಾಕ್ ಮಾಡ್ದೆ. ಚಹಾದ ಟಪರಿಯಾಗ ಗದ್ದಲ ಬಾಳ ಇತ್ತು."

ಕೊರಳಪಟ್ಟಿ ಹಿಡಿದೆ. ಚಹಾ ನೆಲದ ಪಾಲಾಯಿತು. ಅಕ್ಕ ಗದರಿದಳು. "ಬಿಡೋ ಅವನ್ನ. ನಾ ಮಲಗೂಕಿಂತ ಮೊದಲs ಇಲ್ಲೇ ಹಾದು ಹ್ವಾದ. ನಾನs ಮಾತಾಡ್ಸೀನಿ."

ಕೀಲಿ ತಿರುಗಿಸಿ ಬಾಗಿಲು ತೆರೆದೆ. ಸೀಟು ಖಾಲಿ. ಹ್ಯಾಂಡ್‌ಬ್ರೇಕಿನ ಲಿವರು ನೆಟ್ಟಗೆ ನಿಂತಿತ್ತು. ಮುಟ್ಟಿದೆ... ಹಿಡಿಕೆ ಬೆಚ್ಚಗಿತ್ತು, ಬೆವರಿದ ಅಂಗೈ ಆಗಷ್ಟೇ ಬಿಟ್ಟಂತೆ ಒದ್ದೆ.

ಬೆಳಗಾದ ಮೇಲೆ ಡ್ರಮ್ ಬಿಚ್ಚಿ ನೋಡಿದೆ. ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಶೂವಿನ ಪಕ್ಕದ ಸಣ್ಣ ಲಿವರಿಗೆ ಸಿಕ್ಕಿಸಬೇಕು. ನಾನು ಸಿಕ್ಕಿಸಿರಲೇ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಎರಡು ತುದಿಗಳೂ ಸುಮ್ಮನೆ ಜೋತಾಡುತ್ತಿದ್ದವು. ಆನೆ ಬಂದು ಹ್ಯಾಂಡ್‌ಬ್ರೇಕ್ ಎಳೆದರೂ ಆ ಚಕ್ರ ನಿಲ್ಲುವಂತಿರಲಿಲ್ಲ.

ಅದೇ ಮೆಕ್ಯಾನಿಕ್‌ನನ್ನು ಕರೆಸಿ, ಅವನು ಕೇಳಿದ ಕೂಲಿಗೇ ಕೆಲಸ ಮಾಡಿಸಿದೆ. ಚೌಕಾಸಿಗೆ ನಾಲಿಗೆ ಏಳಲಿಲ್ಲ.

ಅಕ್ಕ ಬದುಕಿದಳು, ಅಷ್ಟು ಸಾಕು ಅನ್ನುತ್ತಾಳೆ ಹೆಂಡತಿ. ಸಾಕು, ನಿಜ. ಆದರೆ ಅಷ್ಟು ಹೊತ್ತು ಬಾಯಿ ಹರಿದುಕೊಂಡು ನಾನು ಬೈದದ್ದು ಯಾರನ್ನು? ಅವರು ಅದನ್ನೆಲ್ಲ ನುಂಗಿಕೊಂಡು ಕೂತದ್ದಾದರೂ ಯಾಕೆ?

ಮೊನ್ನೆ ದಾದರಿನ ಹತ್ತಿರ ಒಬ್ಬ ರಾಂಗ್ ಸೈಡಿನಿಂದ ನುಗ್ಗಿ ನನ್ನ ಕಾರಿನ ಕನ್ನಡಿ ಮುರಿದ. ಬೈಗುಳ ನಾಲಿಗೆಯ ತುದಿಗೆ ಬಂತು. ಪಕ್ಕದ ಖಾಲಿ ಸೀಟಿನ ಕಡೆ ಒಮ್ಮೆ ನೋಡಿದೆ... ಬಾಯಿ ಮುಚ್ಚಿಕೊಂಡು ಗಾಡಿ ಮುಂದಕ್ಕೆ ಬಿಟ್ಟೆ.